ಶೀತಲ್ ದೇವಿಯನ್ನು ಕನ್ನಡದಲ್ಲಿ ಏನಂತ ಕರೆಯೋಣ?

2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜು ಊರಲ್ಲಿ ಪ್ಯಾರಾ ಆರ್ಚರಿ, ಅಂದರೆ ಅಂಗವಿಕಲರ ಬಿಲ್ಲುಗಾರಿಕೆಯ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮಹಿಳೆಯರ ಕಾಂಪೌಂಡ್ (ರಾಟೆಗಳಿರುವ ಬಿಲ್ಲಿನ) ಫೈನಲ್‌ನಲ್ಲಿ ನಮ್ಮ ಶೀತಲ್ ದೇವಿ ಟರ್ಕಿಯ ಆಟಗಾರ್ತಿಯನ್ನು 146–143ರಿಂದ ಸೋಲಿಸಿ ಚಿನ್ನ ಗೆದ್ದರು. ಆ ವಿಡಿಯೊವನ್ನು ನಾನು ಮನೇಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ. ಪಕ್ಕದಲ್ಲಿ ಅಕ್ಕನ ಮಗಳು ಬಂದು ಅಂಟಿಕೊಂಡು ಕೂತಳು. ಅವಳಿಗೆ ಏಳು ವರ್ಷ.

ಶೀತಲ್ ಕುರ್ಚಿಯ ಮೇಲೆ ಕೂತಿದ್ದರು. ಅವರಿಗೆ ಹುಟ್ಟಿನಿಂದಲೇ ಎರಡೂ ಕೈಗಳಿಲ್ಲ. ಬಲಗಾಲಿನ ಬೆರಳುಗಳಲ್ಲಿ ಬಿಲ್ಲಿನ ಹಿಡಿ ಹಿಡಿದು, ಕಾಲನ್ನು ಎದೆಮಟ್ಟಕ್ಕೆ ಎತ್ತಿ, ಹೆದೆಯನ್ನು ಬಲಭುಜಕ್ಕೆ ಕಟ್ಟಿದ ಕೊಕ್ಕೆಗೆ ಸಿಕ್ಕಿಸಿ, ಕಾಲನ್ನು ನಿಧಾನ ಮುಂದಕ್ಕೆ ಚಾಚಿದರು. ಬಿಲ್ಲು ಬಾಗಿತು. ಒಂದೆರಡು ಕ್ಷಣ ಏನೂ ಅಲುಗಲಿಲ್ಲ. ಆಮೇಲೆ ಬಾಯಿಯ ಹತ್ತಿರ ಇದ್ದ ಕೀಲು ಸಡಿಲಿಸಿದರು, ಬಾಣ ಹೋಯಿತು. ಗುರಿಹಲಗೆ ಇರುವುದು 50 ಮೀಟರ್ ದೂರದಲ್ಲಿ. ಅದರಲ್ಲಿ ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಗಲ ಬರೀ 8 ಸೆಂಟಿಮೀಟರ್, ನಮ್ಮ ಸ್ಟೀಲ್ ಲೋಟದ ಬಾಯಿಯಷ್ಟು.

"ಮಾಮ, ಇವ್ರಿಗೆ ಏನಂತಾರೆ?" ಅಂತ ಕೇಳಿದಳು.

"ಬಿಲ್ಲುಗಾರ್ತಿ" ಅಂದೆ.

"ಬಿಲ್ಲು ಅಂದ್ರೆ... ಕರೆಂಟ್ ಬಿಲ್ಲಾ?"

ಅವಳು ಕೇಳಿದ್ದು ತಪ್ಪೇನಲ್ಲ. ಅವಳ ಕಿವಿಗೆ ಬಿಲ್ಲು ಅಂತ ಬೀಳುವುದು ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಹೋಟೆಲ್ ಬಿಲ್ಲು ಇವೇ. ಬಾಣ ಬಿಡುವ ಬಿಲ್ಲು ಅವಳಿಗೆ 'ಬೋ ಆ್ಯಂಡ್ ಆ್ಯರೋ'. ನನಗೆ ತಟ್ಟನೆ ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ, "ಕಾಮನಬಿಲ್ಲು ಗೊತ್ತಲ್ವಾ, ಅದರ ಬಿಲ್ಲು" ಅಂದೆ. ಅವಳ ಕಣ್ಣು ಅರಳಿತು. ಬಾಗಿದ ಗೆರೆ ಒಂದನ್ನು ಗಾಳಿಯಲ್ಲೇ ಬರೆದು ತೋರಿಸಿದಳು. ಪದ ಅವಳ ಒಳಗೆ ಮೊದಲಿಂದಲೂ ಇತ್ತು, ಆದರೆ ಅದು ಆಕಾಶದಲ್ಲಿ ಮಾತ್ರ ಇತ್ತು.

ಮಾರನೆಯ ದಿನ ಬೇರೆ ಬೇರೆ ಕಡೆ ಸುದ್ದಿ ಓದಿದೆ. ಒಂದು ಕಡೆ 'ಆರ್ಚರ್ ಶೀತಲ್', ಇನ್ನೊಂದು ಕಡೆ 'ಆರ್ಚರಿ ಪಟು', ಮತ್ತೊಂದು ಕಡೆ 'ಬಿಲ್ಗಾರ್ತಿ', ಮಗದೊಂದು ಕಡೆ 'ಬಿಲ್ಲುಗಾರ್ತಿ'. ಒಬ್ಬರೇ ವ್ಯಕ್ತಿ, ಒಂದೇ ಗೆಲುವು, ನಾಲ್ಕು ಹೆಸರು. ಕ್ರಿಕೆಟ್ಟಿನ ಬ್ಯಾಟರ್, ಬೌಲರ್ ವಿಷಯದಲ್ಲಿ ಈ ತೊಡಕು ಇಲ್ಲ, ಯಾಕೆಂದರೆ ಆ ಆಟ ಬಂದಾಗ ಪದವೂ ಜತೆಯಲ್ಲೇ ಬಂತು. ಬಿಲ್ಲಿನ ವಿಷಯ ಹಾಗಲ್ಲ. ಬಿಲ್ಲು ಹಿಡಿದವರಿಗೆ ನಮ್ಮಲ್ಲಿ ಸಾವಿರ ವರ್ಷಕ್ಕೂ ಹಳೆಯ ಹೆಸರುಗಳಿವೆ. ಹಾಗಾದರೆ ಯಾವುದನ್ನು ಬಳಸಬೇಕು, ಯಾಕೆ ಬಳಸಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸಿತು.

ಮೊದಲು ಬಿಲ್ಲು. ಹಳಗನ್ನಡದಲ್ಲಿ ಇದು ಬರೀ 'ಬಿಲ್'. ಕಲ್ ಕಲ್ಲಾದ ಹಾಗೆ, ಕೊನೆಗೆ ಉಕಾರ ಸೇರಿ ಬಿಲ್ಲಾಯಿತು. ಅದಕ್ಕೂ ಹಿಂದೆ ಹೋದರೆ ಇದು 'ವಿಲ್'. ತಮಿಳಿನಲ್ಲಿ ಇವತ್ತಿಗೂ ವಿಲ್, ಮಲಯಾಳದಲ್ಲಿ ವಿಲ್ಲ್, ತೆಲುಗಿನಲ್ಲಿ ವಿಲ್ಲು. ಪದದ ಮೊದಲಿಗೆ ಬರುವ ವಕಾರ ಕನ್ನಡದಲ್ಲಿ ಬಕಾರ ಆಗುವುದು ನಮ್ಮ ನುಡಿಯ ಗುರುತುಗಳಲ್ಲಿ ಒಂದು. ತಮಿಳರು ವಾ ಅಂದರೆ ನಾವು ಬಾ, ಅವರ ವೇರ್ ನಮ್ಮ ಬೇರು, ಅವರ ವೆಳ್ಳಿ ನಮ್ಮ ಬೆಳ್ಳಿ. ಅದೇ ದಾರಿಯಲ್ಲಿ ವಿಲ್ ಬಿಲ್ಲಾಗಿದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಈ ಪದ ಎಷ್ಟು ದೂರದವರೆಗೆ ಹರಡಿದೆ ಅನ್ನುವುದು. ಮಧ್ಯ ಭಾರತದ ಗೋಂಡಿಯಲ್ಲಿ ಇದು ವಿಲ್. ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹೂಯಿ ಅಂತ ಒಂದು ಭಾಷೆ ಇದೆ, ದ್ರಾವಿಡ ಕುಟುಂಬದ್ದೇ, ಸುತ್ತ ಬೇರೆ ಭಾಷೆಗಳ ನಡುವೆ ಒಂಟಿಯಾಗಿ ಉಳಿದುಕೊಂಡಿರುವುದು. ಅಲ್ಲೂ ಬಿಲ್ಲಿಗೆ ಬಿಲ್ ಅಂತಲೇ ಅನ್ನುತ್ತಾರೆ. ಅಂದರೆ ಈ ಭಾಷೆಗಳೆಲ್ಲ ಬೇರೆ ಬೇರೆಯಾಗುವುದಕ್ಕೆ ಮುಂಚೆಯೇ, ಒಂದೇ ಮನೆಯಲ್ಲಿದ್ದಾಗಲೇ, ಈ ಸಾಮಾನೂ ಇತ್ತು, ಅದಕ್ಕೊಂದು ಹೆಸರೂ ಇತ್ತು. ಬಾಣಕ್ಕಿರುವ 'ಅಂಬು' ಕೂಡ ಹಾಗೇ: ತಮಿಳು, ಮಲಯಾಳ, ತೆಲುಗುಗಳಲ್ಲೂ ಅದರ ಬಳಗ ಇದೆ. ಇವತ್ತಿನ ಮಾತಿನಲ್ಲಿ ಅಂಬು ಅಪರೂಪ. ಆದರೆ ಶಿವಮೊಗ್ಗ, ಚಿತ್ರದುರ್ಗದ ಕಡೆ ವಿಜಯದಶಮಿ ದಿನ 'ಅಂಬು ಛೇದನ' ನಡೆಯುತ್ತದಲ್ಲ, ಅಲ್ಲಿ ಈ ಪದ ವರ್ಷಕ್ಕೊಮ್ಮೆ ಊರವರ ಬಾಯಿಗೆ ಬರುತ್ತದೆ.

ಮಳೆಯಲ್ಲಿ ಮೂಡುವ ಬಿಲ್ಲನ್ನೇ ನೋಡಿ. ನಮ್ಮದು ಕಾಮನಬಿಲ್ಲು, ಮಳೆಬಿಲ್ಲು. ತಮಿಳಿನಲ್ಲಿ ವಾನವಿಲ್, ಮಲಯಾಳದಲ್ಲಿ ಮಳವಿಲ್ಲ್, ತೆಲುಗಿನಲ್ಲಿ ಹರಿವಿಲ್ಲು. ನಾಲ್ಕೂ ಕಡೆಯವರು ಆಕಾಶ ನೋಡಿ ಒಂದೇ ವಸ್ತುವನ್ನು ನೆನೆದಿದ್ದಾರೆ. ಹಳ್ಳಿ ಹುಡುಗರು ಕವೆಕಡ್ಡಿಗೆ ರಬ್ಬರ್ ಕಟ್ಟಿ ಕಲ್ಲು ಹೊಡೆಯುವುದಕ್ಕೂ ಚಾಟರ್‌ಬಿಲ್ಲು, ಕ್ಯಾಟರ್‌ಬಿಲ್ಲು ಅಂತೆಲ್ಲ ಹೆಸರು. ಅದಕ್ಕೆ ಅಂಬೂ ಇಲ್ಲ, ಹೆದೆಯೂ ಇಲ್ಲ. ಆದರೂ ಎಳೆದು ಬಿಟ್ಟರೆ ದೂರ ಹೋಗಿ ತಗಲುತ್ತದೆ, ಅಷ್ಟು ಸಾಕು, ಅದು ಬಿಲ್ಲು.

ಇನ್ನು ಬಿಲ್ಲು ಹಿಡಿದ ಮನುಷ್ಯನ ಹೆಸರು. ಹಳೆಯ ಕನ್ನಡದಲ್ಲಿ ಸಿಗುವ ಒಂದು ಪದ 'ಬಿಲ್ಲಾಳು'. ಕಾಲಾಳು ಅಂದರೆ ಕಾಲ ಮೇಲೆ ನಡೆದು ಹೋರಾಡುವವನು, ಬಿಲ್ಲಾಳು ಅಂದರೆ ಬಿಲ್ಲಿನಿಂದ ಹೋರಾಡುವವನು. ಎರಡು ತುಂಡೂ ಅಚ್ಚಗನ್ನಡ, ಕೇಳುವುದಕ್ಕೂ ಚೆನ್ನಾಗಿದೆ. ಆದರೆ ಈಗ ಆಳು ಅಂದರೆ ನಮ್ಮ ಮನಸ್ಸಿಗೆ ಬರುವುದು ಕೂಲಿ ಆಳು, ಮನೆಯಾಳು. ಮೇಲಾಗಿ ಬಿಲ್ಲಾಳಿನಲ್ಲಿ ಸೈನಿಕನ ವಾಸನೆ ಜಾಸ್ತಿ. ಯಾರದೋ ಪಡೆಯಲ್ಲಿ ಇದ್ದವನು ಅನ್ನಿಸುತ್ತದೆ. ಇವತ್ತಿನ ಕ್ರೀಡಾಪಟುವಿಗೆ ಅದು ಹೊಂದುವುದಿಲ್ಲ. ಮಲಯಾಳದಲ್ಲಿ, ತಮಿಳಿನಲ್ಲಿ 'ವಿಲ್ಲಾಳಿ' ಅನ್ನುವ ಪದ ಇಂದಿಗೂ ಸರಾಗ. ನಮ್ಮಲ್ಲಿ ಅದರ ಜೊತೆಗಾರ ಹಿಂದೆ ಉಳಿಯಿತು.

ಇನ್ನೊಂದು ಪದ ಕರಾವಳಿಯಲ್ಲಿ ದಿನಾ ಕೇಳುವಂಥದ್ದು, ಆದರೆ ಅದು ಬಿಲ್ಲಿಗೆ ಸೇರಿದ್ದು ಅಂತ ಥಟ್ಟನೆ ಹೊಳೆಯುವುದಿಲ್ಲ. ಬಿಲ್ಲವ. ತುಳುನಾಡಿನ ದೊಡ್ಡ ಸಮುದಾಯಗಳಲ್ಲಿ ಒಂದಾದ ಬಿಲ್ಲವರ ಹೆಸರನ್ನು ಬಿಲ್ಲಿನಿಂದಲೇ ಬಿಡಿಸುತ್ತಾರೆ, ಬಿಲ್ಲು ಹಿಡಿದವರು ಅಂತ. ತುಳುವಿನಲ್ಲಿ ಅವರನ್ನು ಬಿರುವೆರ್ ಅನ್ನುತ್ತಾರೆ, ತುಳುವಿನ 'ಬಿರು' ಅಂದರೂ ಬಿಲ್ಲೇ. ಬಿಲ್ಲವ ವೀರರಾದ ಕೋಟಿ ಚೆನ್ನಯರ ಗರಡಿಗಳು ಇವತ್ತಿಗೂ ಜೀವಂತ ಇರುವ ನಾಡು ಅದು. ಬಿಲ್ಲು ಹಿಡಿಯುವ ಕೆಲಸ ಹೋಗಿ ಎಷ್ಟೋ ಕಾಲ ಆಗಿದೆ, ಹೆಸರು ಮಾತ್ರ ಜನರ ಗುರುತಾಗಿ ನಿಂತಿದೆ. ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳ ಭಿಲ್ ಜನರ ಹೆಸರೂ ಇದೇ ಬಿಲ್ಲಿನಿಂದ ಬಂತು ಅನ್ನುವ ಮಾತನ್ನು ನೀವು ಓದಿರಬಹುದು. ಬಿಲ್ಲು ಬಾಣಕ್ಕೆ ಹೆಸರಾದ ಜನ ಅವರು, ಸದ್ದೂ ಹೊಂದುತ್ತದೆ. ಆದರೆ ಸದ್ದು ಹೊಂದಿದ ಮಾತ್ರಕ್ಕೆ ಸಂಬಂಧ ಖಾತ್ರಿ ಆಗುವುದಿಲ್ಲ. ಪಂಡಿತರಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ, ಹಾಗಾಗಿ ಇದನ್ನು ಒಂದು ಊಹೆ ಅಂತಲೇ ಇಟ್ಟುಕೊಳ್ಳುವುದು ಸರಿ.

ಸಂಸ್ಕೃತದಿಂದ ಬಂದವು ಧನುರ್ಧರ, ಧನ್ವಿ. ಭಗವದ್ಗೀತೆಯ ಕೊನೆಯ ಶ್ಲೋಕದಲ್ಲಿ ಅರ್ಜುನನನ್ನು ಕರೆದಿರುವುದು ಧನುರ್ಧರ ಅಂತಲೇ. ಗಂಭೀರವಾದ ಪದ, ಯಕ್ಷಗಾನದ ರಂಗದಲ್ಲಿ ಭಾಗವತರು ಏರುದನಿಯಲ್ಲಿ ಹಾಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಬೆಳಗ್ಗೆ ಕಾಫಿ ಕುಡಿಯುತ್ತಾ ಓದುವ ಸುದ್ದಿಯಲ್ಲಿ, 'ಮೂರನೇ ಸೆಟ್‌ನಲ್ಲಿ ಧನುರ್ಧರ ಎರಡು ಅಂಕ ಕಳೆದುಕೊಂಡರು' ಅಂತ ಬರೆದರೆ ಕಿರೀಟ ಹಾಕಿಕೊಂಡು ಬಸ್ಸು ಹತ್ತಿದ ಹಾಗಾಗುತ್ತದೆ.

ಈ ಧನುಸ್ಸಿನದೇ ಒಂದು ಸೊಗಸಾದ ಕಥೆ ಇದೆ. ನಮ್ಮ ಧನು ರಾಶಿ ಇದೆಯಲ್ಲ, ಧನುರ್ಮಾಸದ ಚಳಿಯಲ್ಲಿ ದೇವಸ್ಥಾನಕ್ಕೆ ಹೋಗಿ ಬಿಸಿ ಹುಗ್ಗಿ ತಿನ್ನುತ್ತೇವಲ್ಲ, ಅದೇ. ನಾವು ಆ ರಾಶಿಯನ್ನು ವಸ್ತುವಿನ ಹೆಸರಿನಿಂದ ಕರೆಯುತ್ತೇವೆ: ಬಿಲ್ಲು. ಗ್ರೀಕರು ಮನುಷ್ಯನ ಹೆಸರಿನಿಂದ ಕರೆದರು: ತೋಕ್ಸೋತೇಸ್, ಅಂದರೆ ಬಿಲ್ಲುಗಾರ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಗ್ರೀಕ್ ಮೂಲದ ಹೆಸರುಗಳನ್ನೂ ಕೊಟ್ಟಿದ್ದಾನೆ, ಅಲ್ಲಿ ಧನು ರಾಶಿ 'ತೌಕ್ಷಿಕ' ಆಗಿದೆ. ಅಷ್ಟು ದೂರದ ಬಿಲ್ಲುಗಾರ ಸಂಸ್ಕೃತದ ಶ್ಲೋಕದೊಳಗೆ ಬಂದು ಕೂತಿದ್ದಾನೆ. ಅದೇ ಗ್ರೀಕರು ಬಾಣದ ತುದಿಗೆ ಹಚ್ಚುವ ವಿಷಕ್ಕೆ ಬಿಲ್ಲಿನ ಹೆಸರಿಂದಲೇ ತೋಕ್ಸಿಕೋನ್ ಅಂದರು. ಅದು ಲ್ಯಾಟಿನ್ ಹೊಕ್ಕು, ಇಂಗ್ಲಿಷ್ ಹೊಕ್ಕು, ಈಗ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ 'ಟಾಕ್ಸಿಕ್' ಆಗಿ ಓಡಾಡುತ್ತಿದೆ. ವರಾಹಮಿಹಿರನ ತೌಕ್ಷಿಕವೂ ಕಾಲೇಜು ಹುಡುಗರ ಟಾಕ್ಸಿಕ್ಕೂ ಅಣ್ಣತಮ್ಮಂದಿರು.

ಪಾರಸಿಯಿಂದ ಬಂದ ಬಿಲ್ಲೂ ನಮ್ಮ ಮನೆಯಲ್ಲಿದೆ, ನಾವು ಗಮನಿಸಿಲ್ಲ ಅಷ್ಟೇ. ಪಾರಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಕನ್ನಡದಲ್ಲಿ ಕಮಾನು ಅಂದರೆ ಬಾಗಿಲ ಮೇಲಿನ ಬಾಗು, ಊರ ಹೆಬ್ಬಾಗಿಲು, ಪಿಟೀಲು ನುಡಿಸುವ ಕಡ್ಡಿ. ಇಂಗ್ಲಿಷಿನ ಆರ್ಚರ್ ಕೂಡ ಇದೇ ದಾರಿಯದು. ಲ್ಯಾಟಿನ್ನಿನ ಆರ್ಕುಸ್ ಅಂದರೆ ಬಿಲ್ಲು, ಅದರಿಂದಲೇ ಆರ್ಚರ್, ಅದರಿಂದಲೇ ನಮ್ಮ ಊರುಗಳ ಮುಂದೆ ಸಿಮೆಂಟಿನಲ್ಲಿ ಕಟ್ಟುವ 'ಆರ್ಚ್'. ಹಿಂದಿ ಕಾಮೆಂಟರಿಯಲ್ಲಿ ಕೇಳುವ ತೀರಂದಾಜ್ ಮಾತ್ರ ಬೇರೆ ಥರ. ತೀರ್ ಅಂದರೆ ಬಾಣ, ಅಂದಾಜ್ ಅಂದರೆ ಎಸೆಯುವವನು. ತೀರಂದಾಜ್ ಬಾಣವನ್ನು ನೋಡುತ್ತದೆ. ನಮ್ಮ ಬಿಲ್ಲುಗಾರ ಬಿಲ್ಲನ್ನು ನೋಡುತ್ತದೆ.

ಇದು ಸಣ್ಣ ವ್ಯತ್ಯಾಸ ಅಂತ ನನಗೆ ಅನ್ನಿಸುವುದಿಲ್ಲ. ಬಾಣ ಹೋಗಿಬಿಡುತ್ತದೆ, ಬಿಲ್ಲು ಉಳಿಯುತ್ತದೆ. ಕನ್ನಡ ಮನುಷ್ಯನಿಗೆ ಹೆಸರು ಇಟ್ಟಿರುವುದು ಅವನ ಹತ್ತಿರ ಉಳಿಯುವ ವಸ್ತುವಿನಿಂದ.

ಹಾಗಾದರೆ 'ಗಾರ' ಎಲ್ಲಿಂದ ಬಂತು? ಸಂಸ್ಕೃತದ 'ಕಾರ', ಮಾಡುವವನು ಅನ್ನುವುದು, ಕನ್ನಡಕ್ಕೆ ಬಂದು ಮೆತ್ತಗಾಗಿ ಗಾರ ಆಯಿತು. ಅಲ್ಲಿಗೆ ಬಿಲ್ಲುಗಾರದ ತಲೆ ದ್ರಾವಿಡ, ಬಾಲ ಸಂಸ್ಕೃತ, ನಡೆ ಮಾತ್ರ ಪೂರ್ತಿ ಕನ್ನಡ. ಈ ಗಾರ ಮಾಡುವ ಕೆಲಸ ಒಂದೆರಡಲ್ಲ. ಕಂಚುಗಾರ ಕಂಚಿನ ಸಾಮಾನು ಮಾಡುತ್ತಾನೆ. ಬಳೆಗಾರ ಬಳೆ ಮಾರುತ್ತಾನೆ, ತೊಡಿಸುತ್ತಾನೆ. ಬೇಟೆಗಾರ ಬೇಟೆ ಆಡುತ್ತಾನೆ. ಸಾಲಗಾರ ಸಾಲ ಮಾಡಿಕೊಂಡಿದ್ದಾನೆ, ಪಾಪ, ಅವನು ಏನನ್ನೂ ತಯಾರಿಸುವುದಿಲ್ಲ. ಈ ಲೆಕ್ಕದಲ್ಲಿ ಬಿಲ್ಲುಗಾರ ಅಂದರೆ ಬಿಲ್ಲು ಮಾಡುವವನೂ ಆಗಬಹುದಿತ್ತು, ಮಾರುವವನೂ ಆಗಬಹುದಿತ್ತು. ಬಳಕೆ ಅದನ್ನು ಬಾಣ ಬಿಡುವವನಿಗೆ ಕೊಟ್ಟಿತು. ಪದದ ಅರ್ಥ ಅದರ ತುಂಡುಗಳಲ್ಲಿ ಪೂರ್ತಿ ಸಿಗುವುದಿಲ್ಲ, ಜನ ಅದನ್ನು ಯಾವುದಕ್ಕೆ ಕರೆದರು ಅನ್ನುವುದರಲ್ಲಿ ಸಿಗುತ್ತದೆ.

ಈಗ ಅಸಲಿ ತೊಡಕಿಗೆ ಬರುತ್ತೇನೆ. ಹೆಣ್ಣಾದರೆ ಏನು? ಇದೇನು ದೊಡ್ಡ ವಿಷಯ, ಬಿಲ್ಲುಗಾರ್ತಿ ಅಂದರೆ ಆಯಿತು ಅಂತ ನೀವು ಅನ್ನಬಹುದು. ಆದರೆ ಬರೆಯುವವರು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ದೀಪಿಕಾ ಕುಮಾರಿ ವಿಶ್ವದ ಮೊದಲ ರ‍್ಯಾಂಕಿಗೆ ಏರಿದವರು, ಅವರ ಬಗ್ಗೆ ಬರೆಯುವಾಗಲೂ 'ಬಿಲ್ಲುಗಾರ ದೀಪಿಕಾ' ಅಂತ ಬರೆದು ಮುಂದೆ ಹೋಗುವವರಿದ್ದಾರೆ. ಅದು ತಪ್ಪು ಅನ್ನಿಸಿ 'ಮಹಿಳಾ ಬಿಲ್ಲುಗಾರ' ಅನ್ನುವವರಿದ್ದಾರೆ. ಇದ್ಯಾವುದೂ ಬೇಡ ಅಂತ ಆರ್ಚರ್ ಅಂದು ಬಚಾವಾಗುವವರಿದ್ದಾರೆ. ಬರೆಯುವವರ ಕಷ್ಟ ನನಗೆ ಅರ್ಥ ಆಗುತ್ತದೆ. ಗಾರ್ತಿ, ಗಾತಿ ಅಂತ ಮುಗಿಯುವ ಹಳೆಯ ಪದಗಳಲ್ಲಿ ಸುಮಾರು ಪದಗಳು ಬೆಡಗುಗಾತಿ, ಬಿನ್ನಾಣಗಾತಿ, ಮಾಟಗಾತಿ ಇಂಥವು. ಹೆಣ್ಣಿನ ರೂಪವನ್ನೋ, ಅವಳ ಮೇಲಿನ ಗುಮಾನಿಯನ್ನೋ ಹೇಳುವಂಥವು. ಆ ನೆರಳು ಹೊಸ ಪದದ ಮೇಲೂ ಬೀಳುತ್ತದೆ ಅನ್ನುವ ಅಂಜಿಕೆ ಇರಬಹುದು.

ಆದರೆ ಆಟಗಾರ್ತಿ, ಓಟಗಾರ್ತಿ, ಹಾಡುಗಾರ್ತಿ ಅನ್ನುವಾಗ ಇವತ್ತು ಯಾರಿಗೂ ಆ ನೆರಳು ಕಾಣುವುದಿಲ್ಲ. ಬಳಸಿ ಬಳಸಿ ಅದು ಹೋಗಿದೆ. ಬಿಲ್ಲುಗಾರ್ತಿಗೂ ಆಗಬೇಕಿರುವುದು ಅದೇ. ಅಷ್ಟಕ್ಕೂ ಬಿಲ್ಲು ಹಿಡಿದ ಹೆಣ್ಣು ನಮಗೆ ಹೊಸಬಳಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋದವರು ಮದನಿಕೆಯರನ್ನು ನೋಡಿರುತ್ತೀರಿ. ಕನ್ನಡಿ ಹಿಡಿದವಳ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ಅವರ ನಡುವೆಯೇ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಕಲ್ಲು ಕೆತ್ತಿದವರ ಕಣ್ಣಿಗೆ ಬಿಲ್ಲುಗಾರ್ತಿ ಕಂಡಿದ್ದಳು.

'ಆರ್ಚರ್ ಅಂದರೆ ಗಂಡಿಗೂ ಹೆಣ್ಣಿಗೂ ಒಂದೇ, ಅದೇ ಒಳ್ಳೆಯದಲ್ವಾ' ಅನ್ನುವ ವಾದ ಇದೆ. ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದವೇ ಗಂಡು ಹೆಣ್ಣು ಹೇಳಿಬಿಡುತ್ತದೆ, ಗೆದ್ದನು, ಗೆದ್ದಳು ಅಂತ. ಗೌರವಕ್ಕೆ ಗೆದ್ದರು ಅಂದಾಗ ಮಾತ್ರ ಅದು ಮರೆಯಾಗುತ್ತದೆ. ಇಡೀ ನುಡಿ ಹೀಗಿರುವಾಗ ಒಂದು ಪದದಲ್ಲಿ ಮಾತ್ರ ಹೆಣ್ಣನ್ನು ಮರೆಸಿದರೆ ಸಮಾನತೆ ಬರುವುದಿಲ್ಲ, ಓದುವವರ ಮನಸ್ಸಿನಲ್ಲಿ ಗಂಡೇ ಬರುತ್ತಾನೆ. ಇಬ್ಬರನ್ನೂ ಒಟ್ಟಿಗೆ ಹೇಳಬೇಕಾದಾಗ ಬಿಲ್ಲುಗಾರರು ಅನ್ನುವುದು ಇದ್ದೇ ಇದೆ.

ಶೀತಲ್ ವಿಷಯದಲ್ಲಿ ಇನ್ನೂ ಒಂದು ಮಾತಿದೆ, ನಾನು ಇದನ್ನು ಬರೆಯಲು ಕೂತಿದ್ದೇ ಅದಕ್ಕೆ. ನಮ್ಮ ಭಾಷೆಯಲ್ಲಿ ಜಾಣತನವನ್ನೆಲ್ಲ ಕೈಯಲ್ಲಿ ಇಟ್ಟಿದ್ದೇವೆ. ಕೈಚಳಕ, ಎತ್ತಿದ ಕೈ, ಪಳಗಿದ ಕೈ, ಕೈವಶ. ಅವರ ಬಗ್ಗೆ ಬರೆಯುವಾಗ ಈ ಮಾತುಗಳು ಅಭ್ಯಾಸಬಲದಿಂದ ನುಗ್ಗುತ್ತವೆ, 'ಬಿಲ್ಲುವಿದ್ಯೆಯಲ್ಲಿ ಎತ್ತಿದ ಕೈ' ಅಂತ. ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅರ್ಜುನನ ಸವ್ಯಸಾಚಿ ಅನ್ನುವ ಹೆಸರೂ ಎಡಗೈಯಿಂದಲೂ ಬಾಣ ಬಿಡಬಲ್ಲವನು ಅಂತ. ಧನುರ್ಧರ ಅಂದರೆ ಬಿಲ್ಲನ್ನು ಧರಿಸಿದವನು, ಅಲ್ಲೂ ಕೈಯ ನೆನಪು ಬರುತ್ತದೆ. ಬಿಲ್ಲುಗಾರ ಅನ್ನುವ ಪದ ಮಾತ್ರ ಹೇಗೆ ಹಿಡಿದೆ, ಯಾವುದರಲ್ಲಿ ಎಳೆದೆ ಅಂತ ಕೇಳುವುದೇ ಇಲ್ಲ. ನಿನಗೂ ಬಿಲ್ಲಿಗೂ ನಂಟು ಇದೆಯಾ, ಅಷ್ಟೇ ಅದರ ಪ್ರಶ್ನೆ. ಜಮ್ಮುವಿನ ಕಿಶ್ತ್‌ವಾಡದ ಈ ಹುಡುಗಿಗೆ ಈ ಪದ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂರುತ್ತದೆ. ಕಾಲಲ್ಲಿ ಹಿಡಿದರೂ ಬಿಲ್ಲುಗಾರ್ತಿ, ಭುಜದಲ್ಲಿ ಎಳೆದರೂ ಬಿಲ್ಲುಗಾರ್ತಿ. ಮುಂದೆ 'ದಿವ್ಯಾಂಗ', 'ಕೈಗಳಿಲ್ಲದ' ಅಂತ ಪ್ರತಿ ಸಲ ಸೇರಿಸುವ ಅಗತ್ಯವೂ ಇಲ್ಲ.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಒಂಟಿ ವಿಭಾಗದಲ್ಲಿ ಚಿಲಿಯ ಆಟಗಾರ್ತಿಗೆ 137–138ರಿಂದ, ಒಂದೇ ಒಂದು ಅಂಕದಿಂದ ಸೋತಿದ್ದರು. ಮಿಶ್ರ ತಂಡದಲ್ಲಿ ರಾಕೇಶ್ ಕುಮಾರ್ ಜತೆ ಕಂಚು ಗೆದ್ದರು, ಅದೂ ಒಂದೇ ಅಂಕದಿಂದ, ಇಟಲಿ ವಿರುದ್ಧ 156–155. ಅದೇ ಕೂಟದಲ್ಲಿ ಹರ್ವಿಂದರ್ ಸಿಂಗ್, ರಾಟೆಗಳಿಲ್ಲದ ಬಿಲ್ಲಿನ ವಿಭಾಗವಾದ ರಿಕರ್ವ್‌ನಲ್ಲಿ ಚಿನ್ನ ತಂದರು, ಈ ಆಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಗ್ವಾಂಗ್ಜು ಗೆಲುವಾದ ಮೇಲೆ 2025ರ ನವೆಂಬರ್‌ನಲ್ಲಿ ಶೀತಲ್, ಅಂಗವಿಕಲರಲ್ಲದ ಕ್ರೀಡಾಪಟುಗಳ ಜತೆ ಸ್ಪರ್ಧಿಸಿ ಭಾರತದ ಜೂನಿಯರ್ ತಂಡಕ್ಕೂ ಆಯ್ಕೆಯಾದರು.

ಅವರಿಗೆ ಸಿಕ್ಕಿರುವ ಪ್ರಶಸ್ತಿಯ ಹೆಸರನ್ನೂ ಸ್ವಲ್ಪ ನೋಡಿ. ಅರ್ಜುನ ಪ್ರಶಸ್ತಿ. 1961ರಿಂದ ಕೊಡುತ್ತಿದ್ದಾರೆ, ಕಬಡ್ಡಿಗೂ ಕೊಡುತ್ತಾರೆ, ಚೆಸ್‌ಗೂ ಕೊಡುತ್ತಾರೆ. ಕೋಚ್‌ಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ. ಕರ್ನಾಟಕ ಸರ್ಕಾರ ತನ್ನ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ದ್ರೋಣ ಯಾರಿಗೆ ವಿದ್ಯೆ ಕೊಡಲಿಲ್ಲವೋ, ಯಾರ ಹೆಬ್ಬೆರಳು ಕೇಳಿದನೋ, ಅವನ ಹೆಸರನ್ನು ನಮ್ಮ ರಾಜ್ಯ ಆರಿಸಿಕೊಂಡಿತು. ಇದು ನನಗೆ ಬಹಳ ಹೆಮ್ಮೆಯ ವಿಷಯ. ಮೂರೂ ಬಿಲ್ಲುಗಾರರ ಹೆಸರೇ. ಈಜಿದರೂ, ಓಡಿದರೂ, ಬ್ಯಾಡ್ಮಿಂಟನ್ ಆಡಿದರೂ ಕೊನೆಗೆ ನಾವು ಒಬ್ಬ ಬಿಲ್ಲುಗಾರನ ಹೆಸರಿನಲ್ಲಿ ಹಾರ ಹಾಕುತ್ತೇವೆ. ಹೀಗಿರುವಾಗ ನಿಜವಾಗಿ ಬಿಲ್ಲು ಹಿಡಿದು ಬಂದವರಿಗೆ ಕನ್ನಡದ ಹೆಸರು ಕೊಡಲು ತಡವರಿಸುವುದು ಬೇಸರ ತರಿಸುತ್ತದೆ.

ಹಾಗಂತ ಎಲ್ಲವನ್ನೂ ಕನ್ನಡಿಸಲೇಬೇಕು ಅನ್ನುವ ಹಠ ನನಗಿಲ್ಲ. ರಿಕರ್ವ್, ಕಾಂಪೌಂಡ್ ಹಾಗೇ ಇರಲಿ. ರಾಟೆಗಳಿರುವ ಕಾಂಪೌಂಡ್ ಬಿಲ್ಲು 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಹೆಸರು ಅದರ ಜೊತೆಗೇ ಬಂದಿದೆ. ಆಟಕ್ಕೆ ಆರ್ಚರಿ ಅಂದರೂ ನಡೆಯುತ್ತದೆ, ಬಿಲ್ಲುಗಾರಿಕೆ ಅಂದರೆ ಇನ್ನೂ ಚೆನ್ನ. ಬಿಲ್ಗಾರ, ಬಿಲ್ಗಾರ್ತಿ ಎಂಬ ಗಿಡ್ಡ ರೂಪಗಳೂ ತಪ್ಪಲ್ಲ, ತಲೆಬರಹದಲ್ಲಿ ಜಾಗ ಉಳಿಯುತ್ತದೆ. ಆದರೆ ಮಕ್ಕಳಿಗೆ ಓದಿ ಹೇಳುವಾಗ ಬಿಲ್ಲುಗಾರ್ತಿ ಅಂದರೆ ಬಿಲ್ಲು ಬಿಡಿಯಾಗಿ ಕಿವಿಗೆ ಬೀಳುತ್ತದೆ.

ಕ್ರಿಯಾಪದದ ಬಗ್ಗೆಯೂ ನನಗೊಂದು ಆಸೆ. ಬಾಣ ಬಿಡುವುದಕ್ಕೆ ಹಳೆಯ ಕನ್ನಡದಲ್ಲಿ 'ಎಸು' ಅಂತ ಬೇರೆಯೇ ಪದ ಇತ್ತು. ಕುಮಾರವ್ಯಾಸನ ಭಾರತದ ಯುದ್ಧದ ಭಾಗಗಳಲ್ಲಿ 'ಎಚ್ಚನು' ಅಂತ ಮತ್ತೆ ಮತ್ತೆ ಬರುತ್ತದೆ, ಬಾಣ ಬಿಟ್ಟನು ಅಂತ ಅರ್ಥ. ತಮಿಳಿನ 'ಎಯ್' ಇದರ ಸೋದರ. ಮಲಯಾಳದವರು ಈ ಆಟಕ್ಕೆ ಇಟ್ಟುಕೊಂಡಿರುವ ಹೆಸರೇ ಅಂಬೆಯ್ತ್ತ್, ಅಂಬನ್ನು ಎಯ್ಯುವುದು. ಅವರಲ್ಲಿ ಅಂಬೂ ಉಳಿದಿದೆ, ಎಯ್ಯುವುದೂ ಉಳಿದಿದೆ. ನಮ್ಮಲ್ಲಿ ಎಸು ಸದ್ದಿಲ್ಲದೆ ಹೋಯಿತು, ಈಗ ಕಸ ಎಸೆಯುವುದಕ್ಕೂ ಬಾಣ ಎಸೆಯುವುದಕ್ಕೂ ಒಂದೇ ಮಾತು. ಅದನ್ನು ಮತ್ತೆ ತರುವುದು ಕಷ್ಟ, ನನಗೆ ಗೊತ್ತು. ಬಿಲ್ಲುಗಾರ್ತಿ ಹಾಗಲ್ಲ, ಅದು ಹೋಗಿಲ್ಲ, ಕರೆದರೆ ಬರುವಷ್ಟು ಹತ್ತಿರ ಇದೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಇರುತ್ತದೆ. ಕಾಂಪೌಂಡ್‌ನಲ್ಲಿ ನಮ್ಮವರು ಗಟ್ಟಿ. 2023ರಲ್ಲಿ ಅದಿತಿ ಸ್ವಾಮಿ 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಈ ಆಟದಿಂದ ನಮಗೆ ಇನ್ನೂ ಒಂದು ಪದಕವೂ ಬಂದಿಲ್ಲ. ಪ್ಯಾರಿಸ್‌ನಲ್ಲಿ ಧೀರಜ್ ಬೊಮ್ಮದೇವರ, ಅಂಕಿತಾ ಭಕತ್ ಜೋಡಿ ನಾಲ್ಕನೇ ಸ್ಥಾನದವರೆಗೆ ಹೋಗಿ ನಿಂತಿತು. ಆ ಪದಕ ಬಂದ ದಿನ ಸುದ್ದಿ ಬರೆಯುವವರಿಗೆ ಸಮಯ ಕಡಿಮೆ ಇರುತ್ತದೆ, ಪದ ಹುಡುಕುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಅಕ್ಕನ ಮಗಳು ಆ ಭಾನುವಾರ ತೆಂಗಿನ ಗರಿಯ ಕಡ್ಡಿ ಬಾಗಿಸಿ, ದಾರ ಕಟ್ಟಿ, ಹಾಲ್‌ನ ಸೋಫಾ ಮೇಲೆ ಕೂತು ಕಾಲಲ್ಲಿ ಹಿಡಿಯಲು ನೋಡುತ್ತಿದ್ದಳು. ಕಡ್ಡಿ ಜಾರಿ ಜಾರಿ ಬೀಳುತ್ತಿತ್ತು. "ಮಾಮ, ಕಾಲಲ್ಲಿ ಹಿಡಿಯೋದು ಎಷ್ಟು ಕಷ್ಟ ಗೊತ್ತಾ?" ಅಂದಳು.